ಪಾಲಾದ ಮೇಲೂ ಅಕ್ಕ ಅಕ್ಕನೇ, ತಮ್ಮ ತಮ್ಮನೇ

ಇವತ್ತಿನ ವಿಷಯ ನಮ್ಮೆಲ್ಲರ ಮನೆಯದ್ದೇ. ಅಣ್ಣ, ತಮ್ಮ, ಅಕ್ಕ, ತಂಗಿ. ಚಿಕ್ಕಂದಿನಲ್ಲಿ ಇವರ ಜೊತೆ ಬೆಳೆದದ್ದು ಮುಂದೆ ನಮ್ಮ ತಲೆ ಓಡುವ ರೀತಿಗೆ, ನಮ್ಮ ಆರೋಗ್ಯಕ್ಕೆ ಏನಾದರೂ ಮಾಡುತ್ತದಾ? ನಾನು ಬಿಕಾಂ ಓದಿದವಳು, ಡಾಕ್ಟರ್ ಅಲ್ಲ. ಆದರೆ ಲೆಕ್ಕ ನೋಡೋದು ಗೊತ್ತು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೇನೆ.

ಬೈಂದೂರು ಕಡೆಯ ನನ್ನ ಅಜ್ಜಿಗೆ ಏಳು ಮಕ್ಕಳು. ಅಮ್ಮನಿಗೆ ಇಬ್ಬರು, ನಾನು ಮತ್ತು ತಮ್ಮ. ಮದುವೆಯಾದ ನನ್ನ ಗೆಳತಿಯರಲ್ಲಿ ಹೆಚ್ಚಿನವರದ್ದು ಒಂದೇ ಮಾತು: "ಒಂದೇ ಸಾಕು ಮಾರಾಯ್ತಿ." ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 1992-93ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಸುಮಾರು 2.9 ಮಕ್ಕಳು. 2019-21ಕ್ಕೆ ಅದು 1.7. ಅಂದ್ರೆ ಇನ್ನು ಮುಂದೆ ತುಂಬಾ ಮಕ್ಕಳಿಗೆ ಅಣ್ಣ-ತಂಗಿ ಇರೋದಿಲ್ಲ. ಅವರ ಮಕ್ಕಳಿಗೆ ಸೋದರಮಾವನೂ ಇಲ್ಲ, ಚಿಕ್ಕಮ್ಮನೂ ಇಲ್ಲ.

ನಮ್ಮ ಕರಾವಳಿಯಲ್ಲಿ ಇದು ಸಣ್ಣ ಬದಲಾವಣೆ ಅಲ್ಲ. ಇಲ್ಲಿ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ, ಬಳಿ ಎಲ್ಲ ತಾಯಿಯ ಕಡೆಯಿಂದ. ಮನೆಯ ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಂದ್ರೆ ತಂಗಿಯ ಮಗನಿಗೆ. ಗಂಡ-ಹೆಂಡತಿಗಿಂತ ಅಣ್ಣ-ತಂಗಿಯೇ ಮನೆಯ ಕಂಬ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಕಟ್ಟು ಸಡಿಲ ಆಯ್ತು. ಆದರೂ ಮದುವೆ ಮಾತುಕತೆಗೆ ಇವತ್ತಿಗೂ ಮಾವ ಬರಲೇಬೇಕು, ಹೌದೋ ಅಲ್ವೋ?

ಈಗ ತಲೆಯ ವಿಷಯಕ್ಕೆ ಬರುವ. 1994ರಲ್ಲಿ ಪರ್ನರ್, ರಫ್‌ಮನ್, ಲೀಕಮ್ ಎಂಬ ಮನಶ್ಶಾಸ್ತ್ರಜ್ಞರು ಮೂರ್ನಾಲ್ಕು ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟ ಆಯ್ತು. ಅಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಈ ಥರದ್ದು: ಒಬ್ಬ ಹುಡುಗ ಚಾಕಲೇಟ್ ಇಟ್ಟು ಹೊರಗೆ ಹೋದ, ಅವನಿಲ್ಲದಾಗ ಅದನ್ನು ಬೇರೆ ಕಡೆ ಇಟ್ಟರು, ವಾಪಸ್ ಬಂದು ಎಲ್ಲಿ ಹುಡುಕ್ತಾನೆ? "ಅವನಿಗೆ ಗೊತ್ತಿಲ್ಲ, ಮೊದಲು ಇಟ್ಟಲ್ಲೇ ಹುಡುಕ್ತಾನೆ" ಅನ್ನಬೇಕಾದರೆ ಇನ್ನೊಬ್ಬರ ತಲೆಯೊಳಗೆ ಏನಿದೆ ಎಂದು ಯೋಚಿಸಬೇಕು. ಒಡಹುಟ್ಟಿದವರಿದ್ದ ಮಕ್ಕಳು ಇದರಲ್ಲಿ ಮುಂದಿದ್ದರು. ನನಗೆ ಆಶ್ಚರ್ಯ ಆಗಲಿಲ್ಲ. ಹಲಸಿನ ಹಪ್ಪಳದ ಡಬ್ಬಿಯನ್ನು ತಮ್ಮನಿಗೆ ಸಿಗದ ಹಾಗೆ ಅಡಗಿಸಬೇಕಾದರೆ ಅವನ ತಲೆಯಲ್ಲೇ ಯೋಚಿಸಬೇಕಲ್ಲ!

ಇನ್ನೊಂದು ನಾರ್ವೆಯದ್ದು, 2007ರಲ್ಲಿ ಬಂದದ್ದು. ಸೇನೆಗೆ ಹೆಸರು ಕೊಟ್ಟ ಸುಮಾರು 2.4 ಲಕ್ಷ ಯುವಕರ ಬುದ್ಧಿ ಪರೀಕ್ಷೆಯ ಅಂಕ ನೋಡಿದರು. ದೊಡ್ಡ ಮಗನದ್ದು ಎರಡನೆಯವನಿಗಿಂತ ಎರಡು-ಮೂರು ಅಂಕ ಹೆಚ್ಚು. ಆದರೆ ಅಣ್ಣ ಶಿಶುವಾಗಿದ್ದಾಗಲೇ ತೀರಿಹೋಗಿ, ತಾನೇ ದೊಡ್ಡವನಾಗಿ ಬೆಳೆದ ಎರಡನೆಯವನ ಅಂಕ ದೊಡ್ಡ ಮಗನಷ್ಟೇ ಇತ್ತು. ಹಾಗಾಗಿ ವಿಷಯ ಇರೋದು ಹುಟ್ಟಿದ ಕ್ರಮದಲ್ಲಿ ಅಲ್ಲ, ಮನೆಯಲ್ಲಿ ಸಿಕ್ಕಿದ ಸ್ಥಾನದಲ್ಲಿ. ಎರಡು-ಮೂರು ಅಂಕ ಅಂದ್ರೆ ಬಹಳ ಕಮ್ಮಿ. ದೊಡ್ಡಣ್ಣಂದಿರು ಅದಕ್ಕೇ ಹಾರಾಡೋದು ಬೇಡ.

ದೇಹದ ಆರೋಗ್ಯದ್ದು ಕೇಳಿ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ಸಂಶೋಧಕ 1958ರಲ್ಲಿ ಹುಟ್ಟಿದ 17,414 ಮಕ್ಕಳ ಮಾಹಿತಿ ಇಟ್ಟುಕೊಂಡು ಬರೆದರು: ಅಣ್ಣ-ಅಕ್ಕಂದಿರು ಹೆಚ್ಚಿದ್ದಷ್ಟೂ ಪರಾಗದ ಅಲರ್ಜಿ ಕಮ್ಮಿ. ದೊಡ್ಡವರು ಶಾಲೆಯಿಂದ ಶೀತ-ಕೆಮ್ಮು ತಂದು ಹಂಚುತ್ತಾರೆ, ಚಿಕ್ಕವರ ದೇಹ ಬೇಗ ಪಳಗುತ್ತದೆ ಎಂಬುದು ಅವರ ಊಹೆ. ಅದರ ಬಗ್ಗೆ ಇಂದಿಗೂ ಚರ್ಚೆ ನಡೀತಾ ಇದೆ.

ನನಗೆ ಹೆಚ್ಚು ತಾಗಿದ್ದು ಹಾರ್ವರ್ಡ್‌ನದ್ದು. 1938ರಲ್ಲಿ ಶುರುವಾದ ಆ ಅಧ್ಯಯನ ಅದೇ ಜನರನ್ನು ದಶಕಗಟ್ಟಲೆ ಹಿಂಬಾಲಿಸಿತು. ಅದರಲ್ಲಿದ್ದ 229 ಗಂಡಸರ ಬಗ್ಗೆ 2007ರಲ್ಲಿ ಬಂದ ವರದಿ ಹೇಳುತ್ತದೆ: 20 ವರ್ಷದೊಳಗೆ ಒಡಹುಟ್ಟಿದವರ ಜೊತೆ ಸಂಬಂಧ ಸರಿ ಇಲ್ಲದವರಿಗೆ 50ರೊಳಗೆ ಖಿನ್ನತೆ ಬರುವ ಸಾಧ್ಯತೆ ಹೆಚ್ಚು. ಅಪ್ಪ-ಅಮ್ಮ ಹೇಗೆ ಸಾಕಿದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೇ ಕಂಡಿತು. ಎಲ್ಲರೂ ಅಮೆರಿಕದ ಓದಿದ ಗಂಡಸರು, ನಮ್ಮ ಊರಿನ ಹೆಂಗಸರಲ್ಲ, ಅದೂ ನೆನಪಿರಲಿ.

ಹಾಗಾದ್ರೆ ಒಬ್ಬರೇ ಮಕ್ಕಳಾದವರ ಗತಿ? ಹೆದರೋದು ಬೇಡ. ಟೋನಿ ಫಾಲ್ಬೊ ಎಂಬ ಸಂಶೋಧಕಿ 1986ರಲ್ಲೇ ಹತ್ತಾರು ಅಧ್ಯಯನ ಒಟ್ಟಿಗೆ ಇಟ್ಟು ನೋಡಿ, ಒಬ್ಬರೇ ಮಕ್ಕಳ ಸ್ವಭಾವ ಬೇರೆಯವರಿಗಿಂತ ಕಡೆ ಅಲ್ಲ ಅಂದರು. 2024ರಲ್ಲಿ ಚೀನಾ ಮತ್ತು ಅಮೆರಿಕದ ಹದಿಹರೆಯದವರ ಮೇಲೆ ಬಂದ ಅಧ್ಯಯನದಲ್ಲಂತೂ ಒಡಹುಟ್ಟಿದವರು ಹೆಚ್ಚಿದ್ದಷ್ಟೂ ಮಾನಸಿಕ ಆರೋಗ್ಯ ಸ್ವಲ್ಪ ಕೆಳಗೇ ಕಂಡಿತು. ಅಪ್ಪ-ಅಮ್ಮನ ಸಮಯ, ದುಡ್ಡು ಎಲ್ಲ ಹಂಚಿಹೋಗುತ್ತದಲ್ಲ. ಹಾಗಾಗಿ ಎಷ್ಟು ಜನ ಎಂಬುದಕ್ಕಿಂತ ಅವರ ಜೊತೆ ಹೇಗಿದ್ದೇವೆ ಎಂಬುದು ಮುಖ್ಯ.

ಹಂಚಿಕೆಯ ಭಾರ ಯಾರ ಮೇಲೆ ಬೀಳುತ್ತಿತ್ತು ಅಂತಲೂ ಹೇಳಬೇಕು. ನನ್ನ ದೊಡ್ಡಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ತಮ್ಮ-ತಂಗಿಯರನ್ನು ಸೊಂಟದಲ್ಲಿ ಹೊರೋದಕ್ಕೆ. "ಕೂಡಿ ಬೆಳೆದದ್ದು ಎಷ್ಟು ಚಂದ" ಎಂದು ಮಾವಂದಿರು ಹೇಳುವಾಗ ದೊಡ್ಡಮ್ಮ ಸುಮ್ಮನೆ ಕೂತಿರ್ತಾರೆ.

ಮತ್ತೆ ಪಾಲು. ರಾಷ್ಟ್ರೀಯ ಹೆದ್ದಾರಿ 66 ಅಗಲ ಆದ ಮೇಲೆ ಕುಂದಾಪುರದಿಂದ ಬ್ರಹ್ಮಾವರದವರೆಗೆ ರೋಡ್ ಬದಿಯ ಜಾಗದ ರೇಟ್ ನಿಮಗೇ ಗೊತ್ತಿದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮ ಹಕ್ಕು. ಆದರೂ "ನೀನು ಸೈನ್ ಹಾಕಿ ಬಿಡು" ಅನ್ನೋ ಮಾತು ನಿಂತಿಲ್ಲ. ನಮ್ಮ ಮನೆಯಲ್ಲೂ ಹಾಗೇ ಆಯ್ತು. 12 ಸೆಂಟ್ಸ್ ಜಾಗ. ಅಮ್ಮ ಸೈನ್ ಹಾಕಲಿಲ್ಲ. ಆರು ವರ್ಷ ಅಮ್ಮ ಮತ್ತು ದೊಡ್ಡ ಮಾವ ಮಾತಾಡಲಿಲ್ಲ.

ಕಳೆದ ವರ್ಷ ಅಮ್ಮನಿಗೆ ಪಿತ್ತಕೋಶದ ಆಪರೇಷನ್. ಡಾಕ್ಟರ್ ಕೇಳಿದರು: "ಮನೆಯಲ್ಲಿ ಯಾರಿಗಾದರೂ ಹಾರ್ಟ್ ಪ್ರಾಬ್ಲಂ ಉಂಟಾ? ತಂದೆ ಹೇಗೆ ತೀರಿಹೋದರು?" ಅಜ್ಜ ಹೋಗುವಾಗ ಅಮ್ಮನಿಗೆ ಎಂಟು ವರ್ಷ, ಏನೂ ಗೊತ್ತಿಲ್ಲ. ಗೊತ್ತಿದ್ದದ್ದು ಮಾವನಿಗೆ ಮಾತ್ರ. ನಾನೇ ಫೋನ್ ಮಾಡಿದೆ. ಅಜ್ಜನದ್ದೂ ಹೇಳಿದರು, ತನಗೆ 52ಕ್ಕೇ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದೂ ಹೇಳಿದರು. ನಮಗೆ ಅದು ಗೊತ್ತೇ ಇರಲಿಲ್ಲ! ಕೊನೆಗೆ ಕೇಳಿದ್ದು ಒಂದೇ: "ಅದ್ ಉಂಡಿತಾ?"

ಇದು ಭಾವನೆಯ ಮಾತು ಮಾತ್ರ ಅಲ್ಲ. ಅಣ್ಣ-ತಮ್ಮನಿಗೆ 55ರೊಳಗೆ, ಅಕ್ಕ-ತಂಗಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ನಮಗೂ ಅಪಾಯ ಹೆಚ್ಚು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಮಾತು ಬಿಟ್ಟರೆ ಆ ಸುದ್ದಿಯೂ ಬರೋದಿಲ್ಲ. 12 ಸೆಂಟ್ಸ್ ಇನ್ನೂ ಹಾಗೇ ಇದೆ, ಅಮ್ಮ ಸೈನ್ ಹಾಕಿಲ್ಲ, ಹಾಕೋದೂ ಬೇಡ ಅಂತ ನನ್ನ ಅಭಿಪ್ರಾಯ. ಆದರೆ ಈಗ ಆದಿತ್ಯವಾರ ಇಬ್ಬರೂ ಫೋನಿನಲ್ಲಿ ಮಾತಾಡ್ತಾರೆ. ಜಾಗದ ಮಾತು ವಕೀಲರ ಹತ್ತಿರ, ಬಿಪಿ-ಶುಗರ್ ಮಾತು ಇವರಿಬ್ಬರ ಹತ್ತಿರ.

ನೀವು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದು ಕೇಳ್ತಾ ಇದ್ದರೆ, ಫ್ಯಾಮಿಲಿ ಗ್ರೂಪಿಗೆ ಗುಡ್ ಮಾರ್ನಿಂಗ್ ಕಳಿಸಿದ್ದು ಮಾತಾಡಿದ ಲೆಕ್ಕಕ್ಕೆ ಬರೋದಿಲ್ಲ. ಫೋನ್ ಮಾಡಿ. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ, ಎಷ್ಟನೇ ವಯಸ್ಸಿಗೆ, ಒಂದು ಕಾಗದದಲ್ಲಿ ಬರೆದಿಡಿ. ಒಬ್ಬರೇ ಮಗುವಿನ ಅಪ್ಪ-ಅಮ್ಮ ಆಗಿದ್ದರೆ, ರಜೆಯಲ್ಲಿ ಮಗುವನ್ನು ಊರಿಗೆ ಬಿಡಿ. ದೊಡ್ಡಪ್ಪ, ಚಿಕ್ಕಮ್ಮನ ಮಕ್ಕಳ ಜೊತೆ ಬಂಗುಡೆ ತುಂಡಿಗೆ ಜಗಳ ಆಡಲಿ.

ಸರಿ, ಇವತ್ತಿಗೆ ಇಷ್ಟು. ಈ ಎಪಿಸೋಡ್ ಯಾರಿಗೆ ಕಳಿಸಬೇಕು ಅಂತ ನಿಮಗೆ ಗೊತ್ತಿದೆ. ಮುಂದಿನ ವಾರ ಸಿಗುವ.