ಅರವತ್ತಮೂರು ದಿನಗಳ ಲೆಕ್ಕ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸಭೆಗಳಲ್ಲಿ ಆಡಿದ ಮಾತಿನ ಪಾಠ)



ಕೂಲಿ, ಬೋನಸ್ಸು, ಅಡಿಕೆಯ ಧಾರಣೆ, ಮೆಕ್ಕೆಜೋಳದ ಧಾರಣೆ ಎಂದು ನಮ್ಮ ಸಭೆಗಳಲ್ಲಿ ಮಾತಾಡುತ್ತಲೇ ಬಂದಿದ್ದೇವೆ. ಈ ಹೊತ್ತು, ಗಂಡಸರು ತಲೆತಗ್ಗಿಸಿ ಕೂರತಕ್ಕ, ಹೆಂಗಸರು ಸೆರಗು ಬಾಯಿಗಿಟ್ಟು ಪಿಸುಗುಟ್ಟತಕ್ಕ ವಿಷಯವೊಂದನ್ನು ಧ್ವನಿವರ್ಧಕದ ಮುಂದೆ ಎತ್ತಿಕೊಳ್ಳುತ್ತೇವೆ. ಬೇಡದ ಬಸಿರನ್ನು ಮಾತ್ರೆಯಿಂದ ತೆಗೆಸಿಕೊಳ್ಳುವ ವಿಷಯ ಅದು. ನಾವು ಡಾಕ್ಟರರಲ್ಲ. ಆದರೆ ಡಾಕ್ಟರ ಬಾಗಿಲಿಗೆ ಯಾವಾಗ ಹೋಗಬೇಕು, ಯಾವ ಹಕ್ಕಿನಿಂದ ಹೋಗಬೇಕು ಎಂದು ಹೇಳಲು ಡಾಕ್ಟರೇ ಆಗಬೇಕಾದ್ದಿಲ್ಲ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಇದಕ್ಕೆ ಇದ್ದ ಉಪಾಯ ಎಕ್ಕದ ಕಡ್ಡಿ. ಅದರಿಂದ ನಂಜೇರಿ ಸತ್ತವರ ಲೆಕ್ಕವನ್ನು ಯಾವ ಕಚೇರಿಯೂ ಇಡಲಿಲ್ಲ. ಕಾನೂನಾದರೂ ಏನು ಮಾಡಿತು? 1860ರ ದಂಡ ಸಂಹಿತೆಯ 312ನೇ ಕಲಮು ಗರ್ಭ ತೆಗೆದವನನ್ನೂ ತೆಗೆಸಿಕೊಂಡವಳನ್ನೂ ಜೈಲಿಗೆ ಕಳಿಸುವುದಾಗಿ ಹೇಳಿತು. ಶಿಕ್ಷೆಯ ಭಯದಿಂದ ಬಸಿರು ನಿಲ್ಲಲಿಲ್ಲ, ಕಡ್ಡಿ ಮಾತ್ರ ಕತ್ತಲೆಗೆ ಹೋಯಿತು. ಇಲ್ಲಿ ಒಂದು ಮಾತು ನೆನೆಯಬೇಕು. ನಮ್ಮ ಹಳೆಯ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರದ ಖರ್ಚಿನಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಆದ್ದರಿಂದ ಇದು ಹೊರಗಿನಿಂದ ಬಂದ ಕೆಟ್ಟ ಗಾಳಿ ಎನ್ನುವವರಿಗೆ ನಮ್ಮ ನೆಲದ ಚರಿತ್ರೆಯೇ ಉತ್ತರ ಕೊಡುತ್ತದೆ.

ಶಾಂತಿಲಾಲ್ ಷಾ ಸಮಿತಿ ಈ ಸಾವುಗಳನ್ನು ಕಂಡು 1966ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದು, 1972ರ ಏಪ್ರಿಲ್ 1ರಿಂದ ಜಾರಿಯಾಯಿತು. 2021ರಲ್ಲಿ ತಿದ್ದುಪಡಿಯಾಯಿತು. ಇಷ್ಟು ವರ್ಷವಾದರೂ, ಗರ್ಭ ತೆಗೆಸುವುದೆಂದರೆ ಪೊಲೀಸ್ ಕೇಸು ಎಂದು ನಂಬಿರುವ ಮನೆಗಳು ನಮ್ಮ ಬೀದಿಗಳಲ್ಲಿ ಬೇಕಾದಷ್ಟಿವೆ.

ಮಾತ್ರೆಯ ವಿಚಾರಕ್ಕೆ ಬರೋಣ. ಇವು ಎರಡು ಬಗೆ. ಮೊದಲನೆಯದು ಮಿಫೆಪ್ರಿಸ್ಟೋನ್. ಫ್ರಾನ್ಸಿನಲ್ಲಿ ಹುಟ್ಟಿ, ಅಲ್ಲಿ 1988ರಲ್ಲಿ ಒಪ್ಪಿಗೆ ಪಡೆದು, ನಮ್ಮ ದೇಶಕ್ಕೆ 2002ರಲ್ಲಿ ಬಂತು. ಗರ್ಭವನ್ನು ಹಿಡಿದು ನಿಲ್ಲಿಸುವ ರಸವೊಂದು ಮೈಯಲ್ಲಿದೆ. ಅದರ ಕೆಲಸವನ್ನು ಈ ಮಾತ್ರೆ ತಡೆಯುತ್ತದೆ. ಒಂದೆರಡು ದಿನದ ಮೇಲೆ ತೆಗೆದುಕೊಳ್ಳುವ ಎರಡನೆಯದು ಮಿಸೊಪ್ರೊಸ್ಟಾಲ್. ಇದು ಮೊದಲು ಹೊಟ್ಟೆಹುಣ್ಣಿಗೆಂದು ಮಾಡಿದ ಔಷಧ. ಇದರಿಂದ ಗರ್ಭಕೋಶ ಹಿಂಡಿಕೊಂಡು ಒಳಗಿನದನ್ನು ಹೊರಕ್ಕೆ ಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ 2005ರಲ್ಲಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಸರಿಯಾದ ಕಾಲದಲ್ಲಿ, ಸರಿಯಾದ ಕ್ರಮದಲ್ಲಿ ತೆಗೆದುಕೊಂಡರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿಗೆ ಬೇರೇನೂ ಬೇಕಾಗುವುದಿಲ್ಲ. ಒಂಬತ್ತು ತಿಂಗಳು ಹೊತ್ತು ಹೆರುವುದರಲ್ಲಿರುವ ಅಪಾಯಕ್ಕಿಂತ ಇದರ ಅಪಾಯ ಎಷ್ಟೋ ಕಡಿಮೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಹಾಗೆ ನೋಡಿದರೆ, ಹತ್ತು ಹನ್ನೆರಡು ದಿನದೊಳಗೇ ಮತ್ತೆ ಬಸಿರು ನಿಲ್ಲಬಹುದು. ಆದ್ದರಿಂದ ಮುಂದಿನ ಎಚ್ಚರಿಕೆಯನ್ನೂ ಅದೇ ದಿನ ಡಾಕ್ಟರರನ್ನು ಕೇಳಿಕೊಂಡು ಬರಬೇಕು.

ಹಾಗಾದರೆ ಭಯ ಎಲ್ಲಿದೆ? ಲೆಕ್ಕ ತಪ್ಪುವುದರಲ್ಲಿದೆ. ಈ ಮಾತ್ರೆಗಳಿಗೆ ನಮ್ಮ ದೇಶದ ನಿಯಮ ಇಟ್ಟಿರುವ ಗಡುವು 9 ವಾರ, ಅಂದರೆ 63 ದಿನ. ಎಲ್ಲಿಂದ ಎಣಿಸಬೇಕು? ಮುಟ್ಟು ತಪ್ಪಿದ ದಿನದಿಂದಲ್ಲ, ಗಂಡಹೆಂಡಿರು ಕೂಡಿದ ದಿನದಿಂದಲೂ ಅಲ್ಲ. ಕಡೆಯ ಸಾರಿ ಮುಟ್ಟಾದ ಮೊದಲನೆಯ ದಿನದಿಂದ. ಇದೊಂದನ್ನು ತಿಳಿಯದೆ ಎಷ್ಟೋ ಮಂದಿ ಮೋಸ ಹೋಗುತ್ತಾರೆ. ಒಬ್ಬಾಕೆ ಯುಗಾದಿಯ ದಿನ ಮುಟ್ಟಾದಳೆನ್ನೋಣ. ಬಸವ ಜಯಂತಿಯ ಹೊತ್ತಿಗೆ, ಈ ತಿಂಗಳು ಆಗಲಿಲ್ಲವಲ್ಲ ಎಂದು ಗಮನಿಸುತ್ತಾಳೆ. ತನ್ನ ಲೆಕ್ಕದಲ್ಲಿ ಎರಡು ಮೂರು ದಿನ ಮೀರಿದೆ. ಡಾಕ್ಟರ ಲೆಕ್ಕದಲ್ಲಿ ಆಗಲೇ ನಾಲ್ಕು ವಾರ ಮುಗಿದು ಐದನೆಯದು ನಡೆದಿದೆ. ಬಿಸಿಲಿಗೋ ದುಡಿಮೆಗೋ ತಡವಾಗಿರಬೇಕೆಂದು ಹದಿನೈದು ದಿನ ಕಾಯುತ್ತಾಳೆ. ಗಂಡನಿಗೆ ಹೇಳಲೋ ಬೇಡವೋ ಎಂಬುದರಲ್ಲಿ ಮತ್ತೊಂದು ವಾರ. ಕೂಲಿ ಬಟವಾಡೆಯಾಗಲಿ ಎಂದು ಇನ್ನೊಂದು ವಾರ. ಕಾರಹುಣ್ಣಿಮೆ ಬಂತೆಂದರೆ ಗಡುವು ದಾಟಿ ಹತ್ತು ದಿನವಾಗಿರುತ್ತದೆ! ಆ ಹೊತ್ತಿನಲ್ಲಿ ಯಾರಿಂದಲೋ ತರಿಸಿದ ಮಾತ್ರೆ ನುಂಗಿದರೆ ರಕ್ತ ಹೆಚ್ಚು ಹೋಗುವುದು, ಅರ್ಧ ಇಳಿದು ಅರ್ಧ ಉಳಿಯುವುದು ಹೆಚ್ಚಾಗುತ್ತದೆ. ಗಡುವು ದಾಟಿದರೆ ಬಾಗಿಲು ಮುಚ್ಚಿತೆಂದಲ್ಲ. ಆಸ್ಪತ್ರೆಯಲ್ಲಿ ಬೇರೆ ವಿಧಾನಗಳಿವೆ. ಮನೆಯ ಮೂಲೆಯಲ್ಲಿ ಮಾಡತಕ್ಕ ಕೆಲಸ ಮಾತ್ರ ಅದಲ್ಲ.

ಮಾತ್ರೆ ಕೊಡುವ ಮುಂಚೆ ಡಾಕ್ಟರು ಕೆಲವನ್ನು ನೋಡಲೇಬೇಕು. ಗರ್ಭ ಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಈ ಮಾತ್ರೆಯಿಂದ ಅದು ಹೋಗುವುದಿಲ್ಲ. ನಾಳ ಒಡೆದರೆ ಜೀವಕ್ಕೇ ಕುತ್ತು. ಮೈಯಲ್ಲಿ ರಕ್ತ ತೀರ ಕಡಿಮೆಯಿದ್ದರೆ ಇನ್ನಷ್ಟು ಕಳೆದುಕೊಳ್ಳುವುದು ಸಲ್ಲದು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಅಕ್ಕಿ ಗಿರಣಿಯ ಧೂಳಿನಲ್ಲಿ ಅರೆಹೊಟ್ಟೆಯಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಸರಿಯಾಗಿ ರಕ್ತವಿದೆ, ನೀವೇ ಹೇಳಿ. ಕಾಪರ್-ಟಿ ಇದ್ದರೆ ಮೊದಲು ತೆಗೆಸಬೇಕು. ಮಾತ್ರೆಯ ಮೇಲೆ ಮುಟ್ಟಿಗಿಂತ ಹೆಚ್ಚು ರಕ್ತ, ಕಿಬ್ಬೊಟ್ಟೆ ನೋವು ಬರುವುದು ಸಹಜ. ಸ್ವಲ್ಪ ಸ್ವಲ್ಪವಾಗಿ ಎರಡು ವಾರದವರೆಗೂ ಹೋಗಬಹುದು. ಆದರೆ ಗಂಟೆಗೆ ಎರಡು ದಪ್ಪ ಪ್ಯಾಡಿನಂತೆ ಎರಡು ಗಂಟೆ ಎಡೆಬಿಡದೆ ತೊಯ್ದರೆ, ಮರುದಿನವೂ ಜ್ವರ ಇಳಿಯದಿದ್ದರೆ, ದುರ್ವಾಸನೆಯ ಸ್ರಾವವಾದರೆ, ತಲೆಸುತ್ತಿ ಬಿದ್ದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನು ಮಾಡಿ. ಏನಾಯಿತೆಂಬುದನ್ನು ಡಾಕ್ಟರರಿಗೆ ಮುಚ್ಚಿಡಬೇಡಿ. ಮಾತ್ರೆ ನುಂಗಿಯೂ ಏನೂ ಆಗದಿದ್ದರೆ ಅದೂ ಅಪಾಯವೇ. ಉಳಿದ ಗರ್ಭಕ್ಕೆ ಊನವಾಗಬಹುದು. ಎರಡು ವಾರದ ಮೇಲೆ ಮತ್ತೊಮ್ಮೆ ತೋರಿಸಿಕೊಂಡು ಬರುವುದು ಅದಕ್ಕಾಗಿಯೇ.

ಯಾವ ಡಾಕ್ಟರು? ನಮ್ಮ ಹಳ್ಳಿಗಳಲ್ಲಿ ಆರ್.ಎಂ.ಪಿ. ಎಂದರೆ ಪರೀಕ್ಷೆ ಪಾಸು ಮಾಡದೆ ಸೂಜಿ ಚುಚ್ಚುವವನು ಎಂದರ್ಥವಾಗಿಬಿಟ್ಟಿದೆ. ಕಾಯ್ದೆಯಲ್ಲೂ ಅದೇ ಮೂರಕ್ಷರ ಬರುವುದು ತಮಾಷೆ. ಅಲ್ಲಿ ಅದು ನೋಂದಾಯಿತ ಅಲೋಪತಿ ಡಾಕ್ಟರು, ಈ ಕೆಲಸದಲ್ಲಿ ತರಬೇತಾದವರು ಎಂದು. ಇವರಿಬ್ಬರನ್ನು ಒಂದೇ ಎಂದು ತಿಳಿಯಬೇಡಿ. ಸರ್ಕಾರಿ ಆಸ್ಪತ್ರೆಗೆ ಬೇರೆ ಪರವಾನಗಿ ಬೇಕಿಲ್ಲ. ಖಾಸಗಿಯವರು ಜಿಲ್ಲಾ ಸಮಿತಿಯ ಒಪ್ಪಿಗೆ ಪಡೆದಿರಬೇಕು. ಚನ್ನಗಿರಿ, ಹೊನ್ನಾಳಿ, ಜಗಳೂರಿನವರಿಗೆ ತಾಲ್ಲೂಕು ಆಸ್ಪತ್ರೆ ಇದೆ. ನ್ಯಾಮತಿಯವರಿಗೆ ಹೊನ್ನಾಳಿಯೂ ಶಿವಮೊಗ್ಗೆಯೂ ಹತ್ತಿರ. ದುಡ್ಡಿದ್ದವರ ಮನೆಯ ಹೆಣ್ಣು ಬೆಳಿಗ್ಗೆ ಕಾರು ಹತ್ತಿ ದಾವಣಗೆರೆಗೆ ಹೋಗಿ ಸಂಜೆಗೆ ಬರುತ್ತಾಳೆ. ಜಗಳೂರಿನ ಆಚೆಯ ಹಳ್ಳಿಯಿಂದ ಬರುವ ಕೂಲಿಯವಳಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಮಗುವನ್ನು ನೋಡಿಕೊಳ್ಳುವವರು ಎಲ್ಲವೂ ಬೇಕು. ಅಷ್ಟು ಕಷ್ಟಪಟ್ಟು ಬಂದವಳನ್ನು, ಲೇಡಿ ಡಾಕ್ಟರು ರಜೆ, ಸೋಮವಾರ ಬಾ ಎಂದು ವಾಪಸು ಕಳಿಸಿದರೆ 63ರಲ್ಲಿ ಎಷ್ಟು ದಿನ ಹಾಳಾಯಿತು? ತರಬೇತಾದ ಡಾಕ್ಟರು ಪ್ರತಿ ತಾಲ್ಲೂಕಿನಲ್ಲೂ ವಾರದ ಎಲ್ಲ ಕೆಲಸದ ದಿನವೂ ಸಿಗಬೇಕು. ಇದು ನಮ್ಮ ಬೇಡಿಕೆ.

ಗಂಡನ ರುಜು ತಾ ಎಂದು ಕೇಳುವವರಿದ್ದಾರೆ. ಕಾನೂನಿನಲ್ಲಿ ಅದಿಲ್ಲ. ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು; ಚಿಕ್ಕವಳಾದರೆ ಪೋಷಕರದು. ಅವಳ ಹೆಸರನ್ನು ಗುಟ್ಟಾಗಿಡುವುದು ಡಾಕ್ಟರರ ಕರ್ತವ್ಯ, ಬಯಲು ಮಾಡಿದರೆ ಶಿಕ್ಷೆಯುಂಟು. ಹಾಗೆಂದು ಕೇಳಿದವರಿಗೆಲ್ಲ ಎಂದೂ ಇಲ್ಲ: 20 ವಾರದವರೆಗೆ ಒಬ್ಬ ಡಾಕ್ಟರು ಕಾರಣವನ್ನು ಒಪ್ಪಬೇಕು. ಆದರೆ ಕಾರಣ ನೋಡುವಾಗ ಆಕೆಯ ಇಂದಿನ ಮತ್ತು ಮುಂದಿನ ಬದುಕಿನ ಸ್ಥಿತಿಗತಿಯನ್ನೂ ಗಮನಿಸಬಹುದೆಂದು ಕಾಯ್ದೆಯೇ ಹೇಳುತ್ತದೆ. ಗರ್ಭನಿರೋಧಕ ವಿಫಲವಾದದ್ದೂ ಕಾರಣವೇ. 2021ರ ತಿದ್ದುಪಡಿ ಅಲ್ಲಿದ್ದ ‘ವಿವಾಹಿತೆ’ ಎಂಬ ಮಾತನ್ನು ತೆಗೆದುಹಾಕಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, 20ರಿಂದ 24 ವಾರದ ಅವಕಾಶದಲ್ಲೂ ಮದುವೆಯಾದವಳು ಆಗದವಳು ಎಂಬ ಭೇದ ಸಲ್ಲದೆಂದು ತೀರ್ಪು ಕೊಟ್ಟಿತು.

ವ್ಯಾಪಾರಿ ಮಿತ್ರರಿಗೆ, ಅದರಲ್ಲೂ ಔಷಧಿ ಅಂಗಡಿಯವರಿಗೆ, ಎರಡು ಮಾತು. ಚೀಟಿಯಿಲ್ಲದೆ ಈ ಮಾತ್ರೆ ಮಾರುವುದು ತಪ್ಪು. ಚೀಟಿ ತಂದವಳನ್ನು ಗದರಿಸಿ ಕಳಿಸುವುದೂ ತಪ್ಪೇ. ಕೂಡಿದ 72 ಗಂಟೆಯೊಳಗೆ ಬಸಿರು ನಿಲ್ಲದಂತೆ ನುಂಗುವ ಮಾತ್ರೆ ಬೇರೆ, ನಿಂತದ್ದನ್ನು ತೆಗೆಯುವುದು ಬೇರೆ. ಕೊಡುವಾಗ ಒಂದು ಮಾತು ಹೇಳಿ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಹೆಣ್ಣುಭ್ರೂಣ ಪತ್ತೆಯ ದಂಧೆ ಸಿಕ್ಕಿಬಿದ್ದದ್ದು ನಿಮಗೆ ನೆನಪಿರಬಹುದು. ಅಂಥ ಪಾಪಿಗಳಿಗೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಇದೆ, ಅದು ಕಟುವಾಗಿಯೇ ನಡೆಯಲಿ. ಆದರೆ 9 ವಾರದೊಳಗೆ ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ತಿಳಿಯುವುದೇ ಇಲ್ಲ. ಆ ಭಯಕ್ಕೆ ಮಾತ್ರೆಯನ್ನೇ ತರಿಸದೆ ಕೂತರೆ, ಅವಳು ಮತ್ತೆ ಕಡ್ಡಿಯವಳ ಮನೆ ಹುಡುಕಿಕೊಂಡು ಹೋಗುತ್ತಾಳೆ.

ಕಡೆಯದಾಗಿ ಕೂಲಿಯ ವಿಚಾರ. ಗರ್ಭ ತಾನಾಗಿ ಹೋಗಲಿ, ಕಾಯ್ದೆಯಂತೆ ತೆಗೆಸಿಕೊಳ್ಳಲಿ, ಆರು ವಾರ ಸಂಬಳಸಹಿತ ರಜೆಯುಂಟು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ಹಕ್ಕನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಡಾಕ್ಟರ ದಾಖಲೆ ಬೇಕು. ಇ.ಎಸ್.ಐ. ಇದ್ದವರು ಹಣಕ್ಕೆ ಅರ್ಜಿ ಹಾಕುವುದು ಇ.ಎಸ್.ಐ. ಕಚೇರಿಗೆ, ಮೇಸ್ತ್ರಿಗಲ್ಲ. ಗಂಡಸರೇ ಕೂತ ಸಂಘದ ಕಚೇರಿಗೆ ಬಂದು ಯಾವ ಹೆಂಗಸೂ ಈ ಅರ್ಜಿ ಬರೆಸುವುದಿಲ್ಲ. ಆದ್ದರಿಂದ ಪ್ರತಿ ಸಂಘವೂ ಇದಕ್ಕೆಂದು ಒಬ್ಬ ಮಹಿಳಾ ಸದಸ್ಯರನ್ನು ಗೊತ್ತುಮಾಡಿ, ಅವರು ಸಿಗುವ ದಿನ ಮತ್ತು ವೇಳೆಯನ್ನು ಗಿರಣಿಯ ಹೆಣ್ಣಾಳುಗಳಿಗೆ ಬಾಯಿಮಾತಿನಲ್ಲೇ ತಿಳಿಸಬೇಕೆಂದು ಕೇಳಿಕೊಳ್ಳುತ್ತೇವೆ.