ಹೆದ್ದಾರಿಯ ಸಂಖ್ಯೆ



ರಾಷ್ಟ್ರೀಯ ಹೆದ್ದಾರಿ 48 ಯಾವುದು? ಹಿರಿಯರನ್ನು ಕೇಳಿದರೆ ಬೆಂಗಳೂರು–ಮಂಗಳೂರು ರಸ್ತೆ ಎಂದಾರು. ಆದರೆ 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ನೀಡಲಾಯಿತು. ಮಂಗಳೂರಿನ ರಸ್ತೆ 75 ಆಯಿತು. ತುಮಕೂರು, ಹುಬ್ಬಳ್ಳಿಗಳ ಮೂಲಕ ಮುಂಬಯಿಗೆ ಹೋಗುವ ರಸ್ತೆ 48 ಆಯಿತು.

ಹೊಸ ಕ್ರಮ ಸರಳವಾಗಿದೆ. ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಹೆಚ್ಚುತ್ತದೆ. ಕೋಲ್ಕತ್ತ–ಚೆನ್ನೈ ಹೆದ್ದಾರಿ 16, ನಮ್ಮ ಕಾರವಾರ–ಮಂಗಳೂರು ಹೆದ್ದಾರಿ 66. ಪೂರ್ವ–ಪಶ್ಚಿಮ ಹೆದ್ದಾರಿಗಳಿಗೆ ಬೆಸಸಂಖ್ಯೆ. ಅದು ಉತ್ತರದಿಂದ ದಕ್ಷಿಣಕ್ಕೆ ಹೆಚ್ಚುತ್ತದೆ. ಮೂರಂಕಿಯಿದ್ದರೆ ಕವಲು ರಸ್ತೆ: ಬೆಂಗಳೂರು–ಮೈಸೂರು ನಡುವಿನ 275, 75ರ ಕವಲು.

ಅಪಘಾತವಾದಾಗ 1033ಕ್ಕೆ ಕರೆ ಮಾಡಿ ಹಳೆಯ ಸಂಖ್ಯೆ ಹೇಳಿದರೆ, ನೆರವು ಬೇರೆ ದಾರಿ ಹಿಡಿದೀತು. ಆದ್ದರಿಂದ ನೆನಪನ್ನು ನಂಬದೆ, ಪಕ್ಕದ ಕಿಲೋಮೀಟರ್ ಕಲ್ಲನ್ನು ಓದಿ ಹೇಳಿ.