ಬೇಸಿಗೆಯಲ್ಲಿ ಗರ್ಭ ಕಟ್ಟದ ಹಂದಿ ಗೊಡ್ಡಲ್ಲ



ಹಂದಿ ಸಾಕಣೆಯನ್ನು ನಂಬಿದ ಬಡ ಕುಟುಂಬಕ್ಕೆ ಹೆಣ್ಣು ಹಂದಿಯೇ ಬಂಡವಾಳ. ಬೇಸಿಗೆಯಲ್ಲಿ ಅದು ಬೆದೆಗೆ ಬಾರದಿದ್ದರೆ ಗೊಡ್ಡೆಂದು ಬಗೆದು ಮಾಂಸದ ಬೆಲೆಗೆ ಮಾರುವುದುಂಟು. ಅನೇಕ ವೇಳೆ ದೋಷವು ಪ್ರಾಣಿಯದಲ್ಲ, ಋತುವಿನದು.

ಸಾಕು ಹಂದಿಯು ಸುಮಾರು 21 ದಿನಗಳಿಗೊಮ್ಮೆ ವರ್ಷವಿಡೀ ಬೆದೆಗೆ ಬರುವ ಪ್ರಾಣಿ. ಆದರೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಸೆಕೆ ಏರಿದಂತೆ ಮೇವು ತಿನ್ನುವುದು ತಗ್ಗುತ್ತದೆ; ಮರಿ ಬಿಡಿಸಿದ ಒಂದು ವಾರದೊಳಗೆ ಬರಬೇಕಾದ ಬೆದೆ ತಡವಾಗುತ್ತದೆ. ಗಂಡಿನ ವೀರ್ಯವೂ ಕಳೆಗುಂದುತ್ತದೆ. ಹೊಸ ವೀರ್ಯ ಸಿದ್ಧವಾಗಲು 6–7 ವಾರ ಬೇಕಾದುದರಿಂದ, ಮೇ ತಿಂಗಳ ಬಿಸಿಲಿನ ಪರಿಣಾಮವು ಜೂನ್ ತಿಂಗಳ ಮಳೆಯಲ್ಲಿಯೂ ಉಳಿಯುತ್ತದೆ.

ದಿನದ ವೇಳೆಯೂ ಅಷ್ಟೇ ಮುಖ್ಯ. ಬೆದೆಯನ್ನು ಬೆಳಿಗ್ಗೆ ಮತ್ತು ಸಂಜೆ ಪರೀಕ್ಷಿಸಬೇಕು. ಬೆನ್ನನ್ನು ಒತ್ತಿದಾಗ ಅಲುಗದೆ ನಿಂತರೆ ಅದು ಬೆದೆಯ ಗುರುತು. ಕೂಡಿಸುವುದು ತಂಪು ಹೊತ್ತಿನಲ್ಲಿಯೇ ಆಗಬೇಕು; ಸುಮಾರು 12 ಗಂಟೆಗಳ ತರುವಾಯ ಮತ್ತೊಮ್ಮೆ ಕೂಡಿಸುವುದು ಲೇಸು. ಗರ್ಭಾವಧಿ ಸುಮಾರು 114 ದಿನ. ನವೆಂಬರ್ ಆರಂಭದಲ್ಲಿ ಗರ್ಭ ಕಟ್ಟಿದರೆ ಬಿರುಬಿಸಿಲಿಗೆ ಮುನ್ನ, ಫೆಬ್ರವರಿ ಅಂತ್ಯದಲ್ಲಿ, ಮರಿಗಳು ಕೈಸೇರುತ್ತವೆ.

ಹಂದಿ ಶೆಡ್ಡಿನ ಕಾಮಗಾರಿಗೆ ಅನುಮೋದನೆ ನೀಡುವಾಗ ಮರದ ನೆರಳು, ಗಾಳಿಯ ಸಂಚಾರ, ಮೈ ತೋಯಿಸಲು ನೀರು ಇವೆಯೇ ಎಂಬುದನ್ನು ಗ್ರಾಮ ಪಂಚಾಯಿತಿ ಸದಸ್ಯರು ಪರಿಶೀಲಿಸಬೇಕು. ಹಂದಿಯನ್ನು ಮಾರಹೊರಟ ಸಾಕಣೆದಾರರಿಗೆ ಮೊದಲು ಪಶುವೈದ್ಯರಿಂದ ತಪಾಸಣೆ ಮಾಡಿಸುವಂತೆಯೂ, ರೋಗವಿಲ್ಲವೆಂದಾದರೆ ತಂಪು ಕಾಲದವರೆಗೆ ತಾಳುವಂತೆಯೂ ತಿಳಿಹೇಳಬೇಕು. ಆ ಒಂದು ಮಾತಿನಿಂದ ಒಂದು ಮನೆಯ ಬಂಡವಾಳ ಉಳಿಯಬಲ್ಲದು.